ತೊಂಬತ್ತೆಂಟು ಅಂಕದ ಸಮಾಧಾನ

ಜ್ವರ ಅಳೆಯಲು ಕಡ್ಡಿ ಇದೆ, ರಕ್ತದೊತ್ತಡ ಅಳೆಯಲು ಪಟ್ಟಿ ಇದೆ, ನರ್ಸಿನ ಎದೆಯೊಳಗಿನ ಮರುಕ ಅಳೆಯಲು ಮಾತ್ರ ಏನೂ ಇಲ್ಲವಲ್ಲ ಎಂದು ಯಾರೋ ಪುಣ್ಯಾತ್ಮನಿಗೆ ಒಂದು ದಿನ ಅನ್ನಿಸಿತು. ಅನ್ನಿಸಿದ್ದು ತಪ್ಪೇನಲ್ಲ. ಹೆರಿಗೆ ಕೋಣೆಯಲ್ಲಿ "ಬಾಯಿ ಮುಚ್ಚು" ಎಂದು ಬೈಸಿಕೊಂಡ, ತೊಡೆಗೆ ಏಟು ತಿಂದ ಹೆಂಗಸರು ಊರೂರಿಗೆ ಇದ್ದರು. ಆದ್ದರಿಂದ ಯಂತ್ರ ಬಂದಾಗ ಜನ ಸಂತೋಷಪಟ್ಟರು. ಇನ್ನು ಮೇಲೆ ಆಸ್ಪತ್ರೆಯಲ್ಲಿ ಮನುಷ್ಯರ ಹಾಗೆ ಮಾತಾಡಿಸುತ್ತಾರಂತೆ ಎಂದುಕೊಂಡರು.

ಯಂತ್ರವೆಂದರೆ ಭಾರೀ ಏನಲ್ಲ. ರೋಗಿಯ ಕೊರಳಿನ ಕೆಳಗೆ ಅಂಟಿಸುವ ತೆಳ್ಳನೆಯ ಒಂದು ಪಟ್ಟಿ, ಮಂಚದ ತಲೆಗಟ್ಟಿನಲ್ಲಿ ಒಂದು ಪುಟ್ಟ ಕ್ಯಾಮೆರಾ. ಪಟ್ಟಿ ರೋಗಿಯ ದನಿಯ ಏರಿಳಿತ ಕೇಳುತ್ತದೆ, ಮೈಯ ಹೊರಳಾಟ ಗಮನಿಸುತ್ತದೆ. ಕ್ಯಾಮೆರಾ ಹಣೆಯ ಗೆರೆ, ಹುಬ್ಬಿನ ಗಂಟು ನೋಡುತ್ತದೆ. ಎರಡೂ ಸೇರಿ, ಈ ರೋಗಿಗೆ ನೂರಕ್ಕೆ ಇಷ್ಟು ಸಮಾಧಾನವಿದೆ ಎಂದು ತೀರ್ಪು ಕೊಡುತ್ತವೆ. ಪಕ್ಕದಲ್ಲಿ ನಿಂತ ಕಲಿಕೆಯ ನರ್ಸಿಗೆ ಸಿಗುವುದೂ ಅದೇ ಅಂಕ. ಆ ಅಂಕ ಆಕೆಯ ಬೆರಳಿನ ಉಂಗುರದಲ್ಲಿ ಬೆಳಗುತ್ತದೆ. ಎಂಬತ್ತಕ್ಕಿಂತ ಕಡಿಮೆ ಬಂದರೆ ನೋಂದಣಿ ಇಲ್ಲ, ನೋಂದಣಿ ಇಲ್ಲದಿದ್ದರೆ ನೌಕರಿ ಇಲ್ಲ. ನಾಡಿ, ಉಸಿರು, ರಕ್ತ ಇದಾವುದೂ ಆ ಪಟ್ಟಿಗೆ ಸಂಬಂಧಿಸಿದ್ದಲ್ಲ. ಅವಕ್ಕೆ ಬೇರೆ ಯಂತ್ರ, ಬೇರೆ ಟೆಂಡರ್.

ಕಂಪನಿಯವರು ಅದಕ್ಕೆ ಇಟ್ಟ ಹೆಸರು ಭಾವಮಾಪಕ. ಹುಬ್ಬಳ್ಳಿಯ ಒಂದು ನರ್ಸಿಂಗ್ ಕಾಲೇಜಿನ ಹುಡುಗಿಯರು ಇಟ್ಟ ಹೆಸರು ನಾದಿನಿ. ಮಗ್ಗುಲಲ್ಲೇ ಕೂತು, ಬಾಯಿ ಬಿಡದೆ, ಎಲ್ಲವನ್ನೂ ಒಯ್ದು ಮೇಲಿನವರ ಕಿವಿಗೆ ಹಾಕುವವಳು ಇನ್ಯಾರಿದ್ದಾರೆ?

ಕೊನೆಯ ವರ್ಷದ ನೀಲಗಂಗಾಳಿಗೆ ಮೊದಮೊದಲು ನಾದಿನಿ ಐವತ್ತರ ಮೇಲೆ ಕೊಡುತ್ತಲೇ ಇರಲಿಲ್ಲ. ಅವಳ ಕೈ ಚುರುಕು, ಸೂಜಿ ಚುಚ್ಚಿದರೆ ಚುಚ್ಚಿದ್ದೇ ಗೊತ್ತಾಗುತ್ತಿರಲಿಲ್ಲ. ಆದರೆ ದನಿ ದೊಡ್ಡದು. "ಏ ಅಜ್ಜಾ, ಗುಳಿಗಿ ನುಂಗಂದ್ರ ನುಂಗಬೇಕು, ದವಡ್ಯಾಗ ಇಟ್ಕೊಂಡು ನನಗ ಆಟಾ ಆಡಸ್ತಿಯೇನ" ಎಂದು ಅವಳು ಗದರಿದರೆ ಅಜ್ಜ ನಕ್ಕು ನುಂಗುತ್ತಿದ್ದ. ನಾದಿನಿ ಮಾತ್ರ ಗದರಿದ್ದನ್ನಷ್ಟೇ ಬರೆದುಕೊಳ್ಳುತ್ತಿತ್ತು.

ಅವಳ ತಾಯಿ ಕಸ್ತೂರೆವ್ವ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುವವಳು. ಮಗಳ ಅಂಕ ಕೇಳಿ ಅವಳು ಮೇಲಿನ ಕೋಣೆಯ ಚಂಪಾಬಾಯಿಯನ್ನು ಕರೆತಂದಳು. ಚಂಪಾಬಾಯಿ ನಾಟಕ ಕಂಪನಿಯಲ್ಲಿ ನಾಯಕಿಯಾಗಿ, ಅತ್ತೆಯಾಗಿ, ಕೊನೆಗೆ ಮುದುಕಿಯಾಗಿ ಪಾತ್ರ ಮಾಡಿದಾಕೆ. ಕಂಪನಿ ಮುಚ್ಚಿದ ಮೇಲೆ ಸುಮ್ಮನಿದ್ದವಳಿಗೆ ಈ ಯಂತ್ರ ಬಂದು ಮತ್ತೆ ಕೆಲಸ ಕೊಟ್ಟಿತ್ತು. ಊರ ತುಂಬ ಭಾವದ ಕ್ಲಾಸುಗಳು ಎದ್ದಿದ್ದವು. ಕನ್ಯೆ ನೋಡಲು ಬಂದವರು ಸಹ "ನರ್ಸ್ ಅಂತೀರಿ, ಅಂಕ ಎಷ್ಟು? ಅತ್ತಿ ಕೂಡ ಹೊಂದ್ಕೊಂಡು ಹೋಗ್ತಾಳೇನು?" ಎಂದು ಕೇಳುವ ಕಾಲ.

"ಏ ಹುಡುಗಿ, ನೀ ಪೇಶಂಟ್ ಕೂಡ ಮಾತಾಡ್ತಿಯೋ, ಕಂಡಕ್ಟರ್ ಕೂಡ ಜಗಳಾ ತಗೀತಿಯೋ?" ಎಂದಳು ಚಂಪಾಬಾಯಿ.

"ನನ್ನ ದನಿನ ಹಂಗೈತ್ರಿ ಬಾಯಾರ. ಬೇಕಾದ್ರ ಅವ್ವಗ ಕೇಳ್ರಿ."

ಒಲೆಯ ಮುಂದಿನಿಂದ ಕಸ್ತೂರೆವ್ವ ತಿರುಗಿದಳು. "ನನ್ನ ಯಾಕ ನಡುವ ತರ್ತಿ? ನಾಕ ಮಂದಿ ರೊಟ್ಟಿ ಬಡಿಯೋ ಮನ್ಯಾಗ ಪಿಸುಪಿಸು ಅಂದ್ರ ಯಾರಿಗೆ ಕೇಳ್ತೈತಿ?"

"ದನಿ ಹೊಟ್ಟಿಯಿಂದ ತರಬ್ಯಾಡ. ಮೂಗಿನ ಹಿಂದಿಂದ ತಗಿ, ಜೇನು ಸುರಿದಂಗ. ಕಣ್ಣು ತುಂಬಬೇಕು, ಹನಿ ಬೀಳಬಾರದು. ತಲಿ ಒಂದಿಷ್ಟು ಓರೆ. ಹಾಂ, ಹಂಗ! ಈಗ ಅನ್ನು: ನಾ ಇದ್ದೀನವ್ವಾ, ನೀ ಹೆದರಬ್ಯಾಡ."

ನೀಲಗಂಗಾ ಅಂದಳು. ಕಸ್ತೂರೆವ್ವ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು. "ಯವ್ವಾ, ಇದು ಯಾರ ಮಗಳs?"

ತಿಂಗಳೊಪ್ಪತ್ತಿನಲ್ಲಿ ಅಂಕ ಎಪ್ಪತ್ತು ದಾಟಿತು, ಎಂಬತ್ತು ದಾಟಿತು. ಜೇನಿನ ದನಿ ನಾಲಿಗೆಗೆ ಅಂಟಿಕೊಂಡಿತು. ವಾರ್ಡಿನಲ್ಲಿ ಇನ್ನೊಂದು ಪಾಠವೂ ಇತ್ತು. ಅದನ್ನು ಯಾರೂ ಕಲಿಸಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಹೆರಿಗೆಯಾದ ಹೆಂಗಸಿನ ಹೊಟ್ಟೆಯನ್ನು ಆಗಾಗ ಒತ್ತಿ, ಗರ್ಭಕೋಶ ಗಟ್ಟಿಯಾಗಿದೆಯೇ ನೋಡಬೇಕು. ಹೊದಿಕೆ ಎತ್ತಿ, ಕೆಳಗಿನ ಬಟ್ಟೆಗೆ ರಕ್ತ ಎಷ್ಟು ಹತ್ತಿದೆ ನೋಡಬೇಕು. ಇದು ಹಳೆಯ ನಿಯಮ, ಪುಸ್ತಕದಲ್ಲಿ ಈಗಲೂ ಇದೆ. ಆದರೆ ಒತ್ತಿದರೆ ನೋಯುತ್ತದೆ. ನೊಂದರೆ ಬಾಣಂತಿ ಮುಖ ಕಿವುಚುತ್ತಾಳೆ. ಕಿವುಚಿದ ಕೂಡಲೇ ಅಂಕ ಬಾವಿಗೆ ಬಿದ್ದ ಕೊಡದಂತೆ ಇಳಿಯುತ್ತದೆ. ಹಾಗಾಗಿ ಹುಡುಗಿಯರು ನಾದಿನಿ ಅರ್ಧ ತಾಸು ಅಳೆಯಲು ಕೂರುವ ಮುಂಚೆ ಒಮ್ಮೆ ನೋಡುತ್ತಿದ್ದರು, ಎದ್ದುಹೋದ ಮೇಲೆ ಒಮ್ಮೆ ನೋಡುತ್ತಿದ್ದರು. ನಡುವೆ ಬರೀ ಸಮಾಧಾನ. ವಾರ್ಡಿನ ಹಿರಿಯ ಸಿಸ್ಟರ್ ಫಿಲೋಮಿನಾ ಕಂಡೂ ಕಾಣದಂತೆ ಇದ್ದರು. ವಾರ್ಡಿನ ಸರಾಸರಿ ಅಂಕವನ್ನು ಬಾಗಿಲಲ್ಲಿ ತೂಗುಹಾಕುತ್ತಿದ್ದರಲ್ಲ, ಅದು ಇಳಿದರೆ ಅವರನ್ನು ಕೇಳುತ್ತಿದ್ದರು.

ಅಂಥ ಒಂದು ಮಧ್ಯಾಹ್ನ ನೀಲಗಂಗಾಳಿಗೆ ಹುಲಿಗೆವ್ವನ ಮಂಚ ಬಂತು.

ಹುಲಿಗೆವ್ವ ಕುಂದಗೋಳದ ಕಡೆಯ ಹುಡುಗಿ, ಮೊದಲ ಹೆರಿಗೆ, ಹೆಣ್ಣು ಕೂಸು. ಅವಳ ತಾಯಿ ದ್ಯಾಮವ್ವ ಮಗಳ ಬಾಣಂತನಕ್ಕೆಂದೇ ಹಳೆ ಸೀರೆಗಳನ್ನು ಪದರ ಪದರ ಕೂಡಿಸಿ ಹೊಲಿದ ದಪ್ಪ ಕೌದಿ ತಂದು, ಅರ್ಧ ಮಗಳ ಅಡಿಗೆ ಹಾಸಿ, ಉಳಿದರ್ಧದಿಂದ ಅವಳನ್ನು ಕಾಲಿನಿಂದ ಗದ್ದದವರೆಗೆ ಮುಚ್ಚಿದ್ದಳು. ಬಾಣಂತಿಗೆ ಗಾಳಿ ತಾಗಬಾರದು. "ಒಂದೀಟು ಚಾ ಕುಡದು ಬರ್ತೀನಿ, ನೋಡ್ಕೋರಿ ಸಿಸ್ಟರ್" ಎಂದು ಹೇಳಿ ಆಕೆ ಹೊರಗೆ ಹೋದಳು. ನೀಲಗಂಗಾ ಹೊಟ್ಟೆ ಒತ್ತಿ ನೋಡಿದಳು, ಎಲ್ಲ ಸರಿಯಿತ್ತು. ನಾದಿನಿ ಕಣ್ಣು ತೆರೆಯಿತು.

"ಸಿಸ್ಟರ್, ಯಾಕೋ ಜೀವ ತಡೀವಲ್ದು" ಎಂದಳು ಹುಲಿಗೆವ್ವ. ಕಾಲು ಆಡಿಸಿದಳು. ಕೌದಿ ಒದ್ದಳು. "ಏನೋ ಆಗಾಕತ್ತೈತಿ ನನಗ."

ಉಂಗುರ ಅರವತ್ತೊಂದು ತೋರಿಸಿತು. ನೀಲಗಂಗಾ ತಲೆ ಓರೆ ಮಾಡಿದಳು. "ನಾ ಇದ್ದೀನವ್ವಾ, ನೀ ಹೆದರಬ್ಯಾಡ." ಕೌದಿಯನ್ನು ಮತ್ತೆ ಎಳೆದು, ಅಂಚುಗಳನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿದಳು. ಹಾಗೆ ಸಿಕ್ಕಿಸಿದರೆ ಕೈಕಾಲು ಆಡುವುದು ನಿಲ್ಲುತ್ತದೆ, ಎಪ್ಪತ್ತು ದಾಟುತ್ತದೆ. ದಾಟಿತು.

"ನನ್ನ ಅವ್ವನ್ನ ಕರೀರಿ."

"ಬರ್ತಾರ, ಚಾ ಕುಡ್ಯಾಕ ಹೋಗ್ಯಾರ. ಅಲ್ಲಿತನಕ ನಾನs ನಿನ್ನ ಅವ್ವ." ಎಂಬತ್ತನಾಲ್ಕು.

"ಥಂಡಿ... ಥಂಡಿ ಆಗಾಕತ್ತೈತ್ರಿ."

ಬಾಣಂತಿಗೆ ಚಳಿ ಆಗುವುದೇ. ಕೈ ತಿಕ್ಕಿದಳು, ಕೌದಿಯನ್ನು ಇನ್ನೂ ಬಿಗಿ ಮಾಡಿದಳು. ಹುಲಿಗೆವ್ವನ ಹುಬ್ಬಿನ ಗಂಟು ಸಡಿಲಾಯಿತು. ದನಿ ಮೆತ್ತಗಾಯಿತು. "ಕೂಸು ಚಲೋ ಐತೇನ್ರಿ?" ಎಂದಳು. "ಚಂದೈತಿ, ಮೂಗು ನಿಂದs" ಎಂದಳು ನೀಲಗಂಗಾ. ಹುಲಿಗೆವ್ವ ತುಟಿಯಲ್ಲೇ ನಕ್ಕಳು. ತೊಂಬತ್ತಾರು. ಆಮೇಲೆ ಸುಮ್ಮನಾದಳು, ನಿದ್ದೆ ಹತ್ತಿದವರಂತೆ. ತೊಂಬತ್ತೆಂಟು. ಉಂಗುರ ಹಸಿರಾಗಿ ಬೆರಳಲ್ಲಿ ಪುಟ್ಟದಾಗಿ ನಡುಗಿತು. ಅಷ್ಟು ಅಂಕವನ್ನು ಆ ಕಾಲೇಜಿನಲ್ಲಿ ಯಾರೂ ಕಂಡಿರಲಿಲ್ಲ. ನೀಲಗಂಗಾ ಉಸಿರು ಬಿಗಿಹಿಡಿದು ಅಲ್ಲಾಡದೆ ಕೂತಳು.

ಅಳೆಯುವ ಹೊತ್ತು ಮುಗಿಯಿತು. ಹೊಟ್ಟೆ ನೋಡಲೆಂದು ಅವಳು ಕೌದಿ ಎತ್ತಲು ಹೋದಳು. ಕೌದಿ ಏಳಲಿಲ್ಲ. ಒಗೆಯಲು ನೆನೆಹಾಕಿದ ಕೌದಿಯಷ್ಟು ಭಾರವಾಗಿತ್ತು.

ಕೂಗಿದಳು. ಡಾಕ್ಟರರು ಓಡಿ ಬಂದರು, ರಕ್ತದ ಚೀಲಗಳು ಬಂದವು. ಎಲ್ಲವೂ ಬಂದವು, ತಡವಾಗಿ ಬಂದವು. ರಕ್ತ ಸೋರುವ ಮನುಷ್ಯ ಮೊದಲು ಚಡಪಡಿಸುತ್ತಾನೆ, ಆಮೇಲೆ ಸುಮ್ಮನಾಗುತ್ತಾನೆ. ಚಡಪಡಿಕೆಯೇ ದೇಹ ಕೊಡುವ ಕೂಗು ಎಂಬುದು ಮೊದಲ ವರ್ಷದ ಪಾಠ. ಆ ಕೂಗನ್ನು ನೀಲಗಂಗಾ ಜೇನು ಸುರಿದು ಮುಚ್ಚಿದ್ದಳು. ಸಾವಿನ ಮೌನಕ್ಕೆ ನಾದಿನಿ ತೊಂಬತ್ತೆಂಟು ಕೊಟ್ಟಿತ್ತು.

ಪ್ರಾಚಾರ್ಯೆ ಇಂದುಮತಿ ಕಟ್ಟೀಮನಿ ಅವಳನ್ನು ಕೋಣೆಗೆ ಕರೆಸಿ, ಕೂಡ್ರಿಸಿ, ನೀರು ಕೊಟ್ಟರು. "ನಾ ಹೊದಿಕಿ ಎತ್ತಿ ನೋಡಲಿಲ್ರಿ ಮ್ಯಾಡಮ್" ಎಂದಳು ನೀಲಗಂಗಾ. "ಹೃದಯ ನಿಂತದವಾ" ಎಂದರು ಅವರು. "ಮನಿ ಮಂದಿಗೂ ಹಂಗs ಹೇಳೇವಿ. ಅವರು ಏನೂ ತಕರಾರು ಮಾಡ್ಲಿಲ್ಲ. ನೀ ಅಷ್ಟು ಚಲೋ ನೋಡ್ಕೊಂಡಿ ಅಂತ ಕೈ ಮುಗದು ಹೋದ್ರು. ಈಗ ನೀನs ಅದನ್ನ ಕೆದರಬ್ಯಾಡ."

ಎರಡು ವಾರ ಕಳೆದ ಮೇಲೆ ದ್ಯಾಮವ್ವ ವಿಳಾಸ ಕೇಳಿಕೊಂಡು ನೀಲಗಂಗಾಳ ಮನೆಗೇ ಬಂದಳು. ಕೈಯಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಚೀಲ. ಆಕೆ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಯವಳು. ಬೆರಳ ತುದಿಗಳು ಉರಿದು ಉರಿದು ನುಣ್ಣಗಾಗಿದ್ದವು.

"ಇದ ಒಂದೀಟು ಇಟ್ಕೋವಾ. ನಮ್ಮ ಕಡೆ ಬಣ್ಣ ಚಲೋ ಇರ್ತೈತಿ" ಎಂದು ಕಸ್ತೂರೆವ್ವನ ಕೈಗೆ ಚೀಲ ಕೊಟ್ಟಳು. ಆಮೇಲೆ ನೀಲಗಂಗಾಳ ಗದ್ದ ಹಿಡಿದಳು. "ಕಂಪನಿಯವರು ಮನಿಗೆ ಬಂದು ಟಿವ್ಯಾಗ ತೋರಿಸಿದ್ರು, ತಂಗಿ. ನೀ ನನ್ನ ಮಗಳ ಕೈ ಹಿಡ್ಕೊಂಡು ಕುಂತಿದ್ದಿ. ಆಕಿ ನಗ್ತಿದ್ಲು. ಹೆಬ್ಬೆಟ್ಟು ಒತ್ತು ಅಂದ್ರು, ಎಲ್ಲಾರಿಗೂ ತೋರಸ್ತೀವಿ ಅಂದ್ರು. ಒತ್ತಿದೆ. ನಗ್ತಾ ಹೋದ್ಲಲ್ಲಾ, ಅಷ್ಟs ಸಾಕು ನನಗ. ಕೌದಿ ಕೊಡ್ರಿ ಅಂದೆ. ಸೋಂಕು ಅಂತ ಸುಟ್ಟಾರಂತ."

ನೀಲಗಂಗಾ ಹೇಳಬೇಕೆಂದು ಬಾಯಿ ತೆರೆದಳು. ತಲೆ ತಾನಾಗಿ ಓರೆಯಾಯಿತು. ಕಣ್ಣು ತುಂಬಿತು, ಹನಿ ಬೀಳಲಿಲ್ಲ. ಮೂಗಿನ ಹಿಂದಿನಿಂದ ದನಿ ಬಂತು: "ಸಮಾಧಾನ ಮಾಡ್ಕೋರಿ ಯವ್ವಾ, ನಾ ಇದ್ದೀನಿ."

ದ್ಯಾಮವ್ವ ಕಣ್ಣೊರೆಸಿಕೊಂಡು, ಹರಸಿ, ಬಸ್ಸಿಗೆ ಹೊತ್ತಾಯಿತೆಂದು ಹೋದಳು. ನೀಲಗಂಗಾ ಬಚ್ಚಲಿಗೆ ಹೋಗಿ ಎರಡು ಮೂರು ಸಲ ಬಾಯಿ ಮುಕ್ಕಳಿಸಿದಳು. ಆಮೇಲೆ ತಾಯಿಗೆ ಎಲ್ಲವನ್ನೂ ಹೇಳಿದಳು.

ಕಸ್ತೂರೆವ್ವ ಒಲೆ ಆರಿಸಿ ಮಗಳ ಕಡೆ ತಿರುಗಿದಳು. ಸಮಾಧಾನ ಹೇಳಲಿಲ್ಲ. "ಮತ್ತ ಆಕಿಗ್ಯಾಕ ಹೇಳಲಿಲ್ಲs? ಮಗಳನ್ನ ಕಳಕೊಂಡಾಕಿ ನಿನಗ ಮೆಣಸಿನಕಾಯಿ ಕೊಟ್ಟು ಹೋದ್ಲಲ್ಲs!"

"ಬಾಯಿ ತಗದ್ರ ಅದs ದನಿ ಬರ್ತೈತವ್ವಾ. ನಂದು ಎಲ್ಲಿ ಹೋತೋ ಗೊತ್ತಿಲ್ಲ."

"ಹುಡುಕು" ಎಂದಳು ಕಸ್ತೂರೆವ್ವ.

ಮರುದಿನ ನೀಲಗಂಗಾ ಕಾಲೇಜಿನ ಮೇಲಿನ ಮಹಡಿಯ ಕಂಟ್ರೋಲ್ ರೂಮಿಗೆ ನುಗ್ಗಿದಳು. ಗೋಡೆಯ ತುಂಬ ಪರದೆಗಳು. ಪ್ರತಿ ಪರದೆಯಲ್ಲೂ ಮಂಚಗಳು, ಮುಖಗಳು, ಮುಖದ ಪಕ್ಕದಲ್ಲಿ ಏರಿಳಿಯುವ ಅಂಕಗಳು. ಕಂಪನಿಯ ಇಂಜಿನಿಯರ್ ಶ್ರೀವತ್ಸ, ಬೆಂಗಳೂರಿನವನು, ಎದ್ದು ನಿಂತು ಕೈ ಚಾಚಿದ. "ಓಹೋ, ತೊಂಬತ್ತೆಂಟು! ಕೂತ್ಕೊಳ್ಳಿ ಮೇಡಂ. ನಿಮ್ಮ ಸೆಷನ್ ರಾಜ್ಯಕ್ಕೇ ಫಸ್ಟು. ಮುಂದಿನ ವರ್ಷದ ಯಂತ್ರ ಅದನ್ನೇ ನೋಡಿ ಕಲಿಯುತ್ತೆ. ಎಲ್ಲಾ ಕಾಲೇಜಲ್ಲೂ ಅದೇ ಮಾದರಿ ಪಾಠ."

"ಅಳಿಸ್ರಿ ಅದನ್ನ."

"ಯಾಕೆ?"

"ಆಕಿ ಆವಾಗ ಸಾಯಾಕತ್ತಿದ್ಲು."

ಅವನ ಮುಖ ಪೆಚ್ಚಾಯಿತು. "ಅಯ್ಯೋ, ಅದು ನನಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಒಪ್ಪಿಗೆ ತಗೊಳ್ಳೋರು ಬೇರೆ ವಿಭಾಗ. ಸೆಷನ್ ಮುಗಿದ ಮೇಲೆ ಪೇಷೆಂಟ್ ಏನಾದ್ರು ಅನ್ನೋದು ಮೆಡಿಕಲ್ ಡೇಟಾ ಮೇಡಂ, ನಮ್ಮ ವ್ಯಾಪ್ತಿಗೆ ಬರಲ್ಲ. ಆದ್ರೆ ಕೊನೇ ಗಳಿಗೇಲೂ ಆಕೆಗೆ ನೆಮ್ಮದಿ ಕೊಟ್ರಲ್ಲ, ಅದು ದೊಡ್ಡದಲ್ವಾ?"

ಮೇಜಿನ ಮೇಲೆ ಪರೀಕ್ಷೆಗಿಟ್ಟ ಕ್ಯಾಮೆರಾ ಇತ್ತು, ಪಕ್ಕದಲ್ಲೇ ಒಂದು ಪಟ್ಟಿ ಇತ್ತು. ನೀಲಗಂಗಾ ಅದನ್ನು ತೆಗೆದು, ಅವನು ಬೇಡವೆನ್ನುವ ಮೊದಲೇ ಅವನ ಕೊರಳಿನ ಕೆಳಗೆ ಅಂಟಿಸಿದಳು. ಕೈ ಹಿಡಿದಳು. ತಲೆ ಓರೆ ಮಾಡಿದಳು. ಜೇನಿನ ದನಿಯಲ್ಲಿ ಶುರು ಮಾಡಿದಳು: "ನಿನ್ನ ಯಂತ್ರಕ್ಕ ಬೆಂಕಿ ಬೀಳ್ಲೆಪ್ಪಾ. ನಿನ್ನ ಕಂಪನಿ ಮಣ್ಣುಗೂಡ್ಲಿ. ಮಲಕೋ ನನ ಬಂಗಾರಾ, ನಿನ್ನ ಮನಿ ಮಂದಿ ಹಿಂಗs ನಿನಗ ಕೌದಿ ಹೊಚ್ಚಿ, ಕೆಳಗ ಏನು ಸೋರತೈತಿ ಅಂತ ನೋಡದಂಗ ಕೂಡ್ರಲಿ..."

ಹುಬ್ಬಳ್ಳಿ ಕಡೆಯ ಸೊಲ್ಲು ಅವನಿಗೆ ಕೂಡಲೇ ಪೂರಾ ತಿಳಿಯಲಿಲ್ಲ. ಮೊದಲು ನಕ್ಕ, ಭುಜ ಸಡಿಲಾಯಿತು. ಪರದೆಯಲ್ಲಿ ತೊಂಬತ್ತಮೂರು ಬಂತು. ಆಮೇಲೆ ಮಾತು ತಿಳಿಯಿತು. ಕೈ ಎಳೆದುಕೊಂಡ.

"ಅದು ಪದ ನೋಡಲ್ಲ ಮೇಡಂ" ಎಂದ ಮೆಲ್ಲಗೆ. "ಎಲ್ಲಾ ಭಾಷೆಗೂ ನಡೀಬೇಕಲ್ಲ, ಅದಕ್ಕೆ."

"ಸುಮ್ಮನಾದವರೂ ಸಾಯೋವರೂ ಅದಕ್ಕ ಒಂದs?"

ಅವನು ಕೊರಳಿನ ಪಟ್ಟಿ ಬಿಡಿಸಿ ಮೇಜಿನ ಮೇಲಿಟ್ಟ.

"ನೂರರ ಸನೇಕ ಹೋದವರು ಇನ್ನೂ ಯಾರರ ಅದಾರೇನು?"

"ಬಹಳ ಇಲ್ಲ. ಕೆಲವರು ಇದ್ದಾರೆ."

"ಅವರ ಪೇಶಂಟ್ ಎಲ್ಲಾ ಮನಿಗೆ ಹೋದ್ರಾ?"

ಶ್ರೀವತ್ಸ ಪರದೆಗಳ ಕಡೆ ನೋಡಿದ. ಅಲ್ಲಿ ನೂರಾರು ಮುಖಗಳು ಸಮಾಧಾನವಾಗಿದ್ದವು. "ಅಳಿಸೋ ಅಧಿಕಾರ ನನಗಿಲ್ಲ" ಎಂದ.

ಆ ಅಧಿಕಾರ ಪ್ರಾಚಾರ್ಯೆಗಿತ್ತು. ಅವರು ಈ ಸಲ ನೀರು ಕೊಡಲಿಲ್ಲ. "ಬರೋ ಸೋಮವಾರ ಹೊಸ ಹುಡುಗ್ಯಾರು ದೀಪ ಹಿಡದು ಪ್ರಮಾಣ ಮಾಡೋ ಕಾರ್ಯಕ್ರಮ. ನಿನಗ ಸನ್ಮಾನ. ವೇದಿಕಿ ಮ್ಯಾಲೆ ಒಂದು ಪ್ರಾತ್ಯಕ್ಷಿಕೆ ಮಾಡಿ ತೋರಸ್ತಿ. ಅವತ್ತs ನಿನ್ನ ನೋಂದಣಿಗೆ ನಾ ಸಹಿ ಹಾಕ್ತೀನಿ. ಇಲ್ಲಂದ್ರ ಹೊದಿಕಿ ಎತ್ತಿ ನೋಡದಿದ್ದಾಕಿ ಯಾರು ಅಂತ ನಾನೂ ಹೇಳಬೇಕಾಗ್ತದ. ತಿಳೀತಿಲ್ಲ?"

"ತಿಳೀತ್ರಿ" ಎಂದಳು ನೀಲಗಂಗಾ. ಅಂದು ಮೈಕು ಕೈಗೆ ಸಿಗುತ್ತದೆ, ಹೊಸ ಹುಡುಗಿಯರಿಗೆ ಇದ್ದದ್ದು ಇದ್ದಂತೆ ಹೇಳಿ ಇಳಿದುಬಿಡಬೇಕು ಎಂಬುದು ಅವಳ ಲೆಕ್ಕವಾಗಿತ್ತು.

ಸೋಮವಾರ ಸಭಾಂಗಣ ತುಂಬಿತ್ತು. ಬಿಳಿ ಸಮವಸ್ತ್ರದ ಹೊಸ ಹುಡುಗಿಯರು, ಮುಂದಿನ ಸಾಲಿನಲ್ಲಿ ಅಧಿಕಾರಿಗಳು. ಹಿಂದೆ ಕಸ್ತೂರೆವ್ವ, ಪಕ್ಕದಲ್ಲಿ ಕೆಂಪು ಅಂಚಿನ ರೇಷ್ಮೆ ಸೀರೆ ಉಟ್ಟ ಚಂಪಾಬಾಯಿ. ನೀಲಗಂಗಾ ವೇದಿಕೆ ಹತ್ತಿದಳು. ನಡುವೆ ಒಂದು ಕುರ್ಚಿ ಇತ್ತು. ಕುರ್ಚಿಯಲ್ಲಿ ದ್ಯಾಮವ್ವ ಕೂತಿದ್ದಳು, ಕೊರಳಿನ ಕೆಳಗೆ ಪಟ್ಟಿ ಅಂಟಿಸಿಕೊಂಡು. ಕಾರು ಕಳಿಸಿ ಕರೆಸಿದ್ದರು.

"ಮಗಳನ್ನು ಕಳೆದುಕೊಂಡ ತಾಯಿಯ ದುಃಖವನ್ನೂ ನಮ್ಮ ವಿದ್ಯಾರ್ಥಿನಿ ಹೇಗೆ ಶಮನ ಮಾಡುತ್ತಾಳೆ ಎಂಬುದನ್ನು ಈಗ ಪ್ರತ್ಯಕ್ಷವಾಗಿ ನೋಡೋಣ" ಎಂದರು ಪ್ರಾಚಾರ್ಯೆ. ಹಿಂದಿನ ದೊಡ್ಡ ಪರದೆಯ ಮೇಲೆ ಐವತ್ತಾರು ಎಂಬ ಅಂಕ ಬೆಳಗಿತು. ಅದು ದ್ಯಾಮವ್ವನ ದುಃಖಕ್ಕೆ ನಾದಿನಿ ಕೊಟ್ಟ ಅಂಕ.

ನೀಲಗಂಗಾಳಿಗೆ ಮೊದಲು ಬಂದದ್ದು ನಾಚಿಕೆ. ಅದರ ಬೆನ್ನಿಗೇ ಸಿಟ್ಟು ಬಂತು. ಅಂಥ ಸಿಟ್ಟು ಅವಳಿಗೆ ಜನ್ಮದಲ್ಲಿ ಬಂದಿರಲಿಲ್ಲ. ಈ ಹೆಂಗಸಿನಿಂದ ಮಗಳನ್ನು ಕಸಿದರು. ಜಗಳವಾಡುವ ಹಕ್ಕನ್ನೂ ಸಿಹಿ ಮಾತಾಡಿ ಕಸಿದರು. ಈಗ ಉಳಿದ ಅಳುವನ್ನೂ ಅಂಕ ಮಾಡಿ ಪರದೆಗೆ ಏರಿಸಿದ್ದರು. ಅವಳು ದ್ಯಾಮವ್ವನ ಮುಂದೆ ಮೊಣಕಾಲೂರಿ ಕೂತಳು. ತಲೆ ಓರೆಯಾಗಲು ಹೋಯಿತು, ಕತ್ತು ಬಿಗಿ ಮಾಡಿ ನೆಟ್ಟಗೆ ಇಟ್ಟಳು. ಮೂಗಿನ ಹಿಂದೆ ಜೇನು ಬಂದು ನಿಂತಿತು, ನುಂಗಿದಳು. ಹೊಟ್ಟೆಯೊಳಗಿನಿಂದ, ಒಡೆದು ಒರಟಾದ ದನಿ ಬಂತು.

"ಯವ್ವಾ, ನಿನ್ನ ಮಗಳು ನಗ್ತಾ ಹೋಗಲಿಲ್ಲ. ರಕ್ತ ಸೋರಿ ಸತ್ಲು. ಜೀವ ತಡೀವಲ್ದು ಅಂತ ನನಗ ಹೇಳಿದ್ಲು. ನಿನ್ನ ಕರಿ ಅಂದ್ಲು. ನಾ ಕರೀಲಿಲ್ಲ. ಹೊದಿಕಿ ಎತ್ತಿ ನೋಡಿದ್ರ ಆಕಿಗೆ ನೋವಾಕ್ಕಿತ್ತು, ನೋವಾದ್ರ ನನ್ನ ಅಂಕ ಇಳೀತಿತ್ತು. ಅದಕ್ಕ ಎತ್ತಲಿಲ್ಲ. ವಾರ್ಡಿನ್ಯಾಗ ಯಾರೂ ಎತ್ತಂಗಿಲ್ಲ. ಮಾತಾಡಿ ಮಾತಾಡಿ ಸುಮ್ಮನ ಮಾಡಿದೆ. ಆಕಿ ಸುಮ್ಮನಾದದ್ದಕ್ಕ ನನಗ ಈ ಸನ್ಮಾನ."

ಪರದೆಯಲ್ಲಿ ನಲವತ್ತು, ಮೂವತ್ತು, ಹನ್ನೆರಡು. ಯಾರೋ ಮೈಕು ಆರಿಸಿದರು. ಮೈಕಿಲ್ಲದೆಯೂ ಹಿಂದಿನ ಸಾಲಿನವರೆಗೆ ಕೇಳುತ್ತಿತ್ತು.

ದ್ಯಾಮವ್ವ ರೆಪ್ಪೆ ಬಡಿಯಲಿಲ್ಲ. "ಕೌದಿ?" ಎಂದಳು.

"ಎಲ್ಲಾ ಅದs ಕುಡದಿತ್ತು. ಅದಕ್ಕ ಕಾಣಲಿಲ್ಲ. ಅದಕ್ಕs ಅದನ್ನ ನಿನಗ ಕೊಡಲಿಲ್ಲ."

ದ್ಯಾಮವ್ವ ಎದ್ದಳು. ನೀಲಗಂಗಾಳ ಕೆನ್ನೆಗೆ ಬಾರಿಸಿದಳು. ಮತ್ತೊಂದು ಬಾರಿಸಿದಳು. ಆಮೇಲೆ ಆಕೆಯ ಬಾಯಿಂದ ಬಂದ ಕೂಗಿಗೆ ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಪರದೆ ಸೊನ್ನೆ ತೋರಿಸಿ ಮಿಟುಕತೊಡಗಿತು.

ಇಂದುಮತಿ ಮೇಡಂ ಓಡಿಬಂದು ಆಕೆಯ ಹೆಗಲಿಗೆ ಕೈ ಹಾಕಿದರು. "ಸಮಾಧಾನ ಮಾಡ್ಕೋರಿ, ಒಳಗ ಕೂತು ಮಾತಾಡೂಣು..."

"ಮುಟ್ಟಬ್ಯಾಡ ನನ್ನ!" ದ್ಯಾಮವ್ವ ಕೊರಳಿನ ಪಟ್ಟಿಯನ್ನು ಚರ್ಮದ ಸಮೇತ ಕಿತ್ತಂತೆ ಕಿತ್ತು ಎಸೆದಳು. "ಸಮಾಧಾನ ಅಂದವರ ನಾಲಿಗಿ ಕೀಳ್ತೀನಿ. ಏನs ಸಮಾಧಾನಾ? ಹಂಗಂದು ನನ್ನ ಮಗಳನ್ನ ಕೊಂದ್ರಿ, ಹಂಗಂದು ನನ್ನ ಮನಿಗೆ ಕಳಿಸಿದ್ರಿ. ಇನ್ನ ಆಗೂದಿಲ್ಲ."

ನೀಲಗಂಗಾಳ ಕೈ ಅಭ್ಯಾಸಬಲದಿಂದ ಎದ್ದು ಆ ತಾಯಿಯ ಬೆನ್ನು ಸವರಲು ಹೋಯಿತು. ಅವಳು ಅದನ್ನು ಕೆಳಗಿಳಿಸಿದಳು. ಸಾಂತ್ವನ ಹೇಳಲಿಲ್ಲ. ಏಟು ಬಿದ್ದ ಕೆನ್ನೆ ಮುಟ್ಟಿಕೊಳ್ಳಲಿಲ್ಲ. ಸುಮ್ಮನೆ ಎದುರಿಗೆ ನಿಂತಳು.

ದ್ಯಾಮವ್ವ ಏದುಸಿರು ಬಿಡುತ್ತ ಅವಳ ಮುಖ ನೋಡಿದಳು. "ಯಾರ್ಯಾರಿಗೆ ಗೊತ್ತಿತ್ತು? ಹೊದಿಕಿ ಎತ್ತಂಗಿಲ್ಲ ಅನ್ನೂದು ಯಾರ್ಯಾರಿಗೆ ಗೊತ್ತಿತ್ತು? ಒಬ್ಬೊಬ್ಬರ ಹೆಸರು ಹೇಳು. ಇವರೆಲ್ಲಾರ ಮುಂದ ಹೇಳು."

ನೀಲಗಂಗಾ ತನ್ನ ಹೆಸರಿನಿಂದ ಶುರು ಮಾಡಿದಳು.